ಹೊಳೆಯ ಮೇಲಿಲ್ಲದ ಹಡಗು

(ಶತಮಾನೋತ್ಸವದ ಅಂಗವಾಗಿ ಶಾಲೆಯ ಸಭಾಂಗಣದ ಗೋಡೆಯ ಮೇಲೆ ರಚಿಸಲಾದ ‘ಹೊಳೆ ದಾಟುವ ಹೊತ್ತು’ ಚಿತ್ರದ ಅನಾವರಣ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈಗತಾನೆ ಪರದೆ ಸರಿದು ಗೋಡೆಯ ಮೇಲಿನ ಚಿತ್ರ ತಮ್ಮ ಕಣ್ಣಿಗೆ ಬಿದ್ದಿದೆ. ಶತಮಾನೋತ್ಸವಕ್ಕೆ ದೊಡ್ಡದೊಂದು ಉಗಿಹಡಗಿನ ಚಿತ್ರ ಬರೆಸುತ್ತಾರಂತೆ ಎಂಬ ಸುದ್ದಿ ಆದವಾನಿಯಲ್ಲೆಲ್ಲ ಹಬ್ಬಿತ್ತು. ಅದನ್ನು ನೋಡಲೆಂದೇ ಬಂದವರೂ ತಮ್ಮಲ್ಲಿ ಇದ್ದೀರಿ. ಪರದೆ ಸರಿದಾಗ ಕಂಡದ್ದು ಬಿದಿರಿನ ಹರಿಗೋಲು. ಹಿಂದಿನ ಸಾಲಿನಿಂದ ಯಾರೋ ಹಿರಿಯರು “ಅಯ್ಯೋ, ಹಡಗೆಲ್ಲಿ?” ಎಂದದ್ದು ನನ್ನ ಕಿವಿಗೂ ಬಿತ್ತು. ಆ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಇಂದಿನ ಮಾತು.

ಕಳೆದ ವರ್ಷ ಶತಮಾನೋತ್ಸವ ಸಮಿತಿಯ ಮೊದಲ ಸಭೆ ಸೇರಿದಾಗ, ಶಾಲೆ ಹುಟ್ಟಿದ ಕಾಲದ ನಮ್ಮ ಸೀಮೆಯನ್ನು ತೋರಿಸುವ ಒಂದು ಭಿತ್ತಿಚಿತ್ರ ಇರಲೆಂದು ತೀರ್ಮಾನವಾಯಿತು. ತುಂಗಭದ್ರೆಯ ದಡದ ದೃಶ್ಯವೇ ಆಗಬೇಕೆಂದು ಎಲ್ಲರೂ ಒಪ್ಪಿದರು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಖರ್ಚನ್ನೆಲ್ಲ ತಾವೇ ವಹಿಸುವುದಾಗಿ ಹೇಳಿದರು. ಅವರ ತಾತನವರು ನಮ್ಮ ಶಾಲೆಯ ಮೊದಲ ತಂಡಗಳ ವಿದ್ಯಾರ್ಥಿ. ಹೊಳೆಯಾಚೆಯ ಹಳ್ಳಿಯಿಂದ ಬಂದು, ಆದವಾನಿಯ ನೆಂಟರ ಮನೆಯಲ್ಲಿದ್ದು ಓದಿದವರು. “ನಾವು ಹೊಗೆ ಬಿಡುತ್ತ ಹೊಳೆ ದಾಟುತ್ತಿದ್ದೆವು” ಎಂದು ಆ ಹಿರಿಯರು ಮೊಮ್ಮಗನಿಗೆ ಹೇಳುತ್ತಿದ್ದರಂತೆ. ಹೊಗೆ ಬಿಡುತ್ತ ಹೊಳೆ ದಾಟುವುದೆಂದರೆ ಉಗಿಹಡಗೇ ಇರಬೇಕು ಎಂದು ನಮಗೆಲ್ಲ ತೋರಿತು. ಚಿತ್ರಕಲಾ ಶಿಕ್ಷಕರು ಪುಸ್ತಕವೊಂದರಲ್ಲಿದ್ದ ಪರದೇಶದ ನದಿಯ ಚಿತ್ರವನ್ನು ಮುಂದಿಟ್ಟುಕೊಂಡು ಕರಡು ಬರೆದರು. ಎತ್ತರವಾದ ಹೊಗೆಕೊಳವೆ, ಪಕ್ಕದಲ್ಲಿ ನೀರು ಬಡಿಯುವ ದೊಡ್ಡ ಚಕ್ರ, ಮೇಲಂತಸ್ತಿನಲ್ಲಿ ಕೊಡೆ ಹಿಡಿದು ನಿಂತ ಜನ, ದಡದಲ್ಲಿ ಕಲ್ಲಿನ ಸೋಪಾನ. ನೋಡಲು ಬಲು ಚೆನ್ನಾಗಿತ್ತು. ನಾನೂ ಮೆಚ್ಚಿದೆ, ಒಪ್ಪಿಗೆಯ ಸಹಿಯನ್ನೂ ಹಾಕಿದೆ. ಆ ತಪ್ಪು ನನ್ನದು. ಅದನ್ನು ಈ ವೇದಿಕೆಯಲ್ಲೇ ಒಪ್ಪಿಕೊಳ್ಳುತ್ತೇನೆ.

ಆ ಕರಡನ್ನು ಮಕ್ಕಳಿಗೆ ತೋರಿಸಿದಾಗ ಎಂಟನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಊರು ಮಂತ್ರಾಲಯದ ಕಡೆ, ಹೊಳೆದಂಡೆಯಲ್ಲೇ ಇದೆ. “ಟೀಚರ್, ಬೇಸಿಗೆಯಲ್ಲಿ ನಮ್ಮೂರವರು ಬಂಡೆ ಮೇಲೆ ಕಾಲಿಟ್ಟು ನಡೆದೇ ಹೊಳೆ ದಾಟುತ್ತಾರೆ. ಆವಾಗ ಈ ಹಡಗು ಎಲ್ಲಿ ನಿಲ್ಲುತ್ತಿತ್ತು?” ಎಂದು ಕೇಳಿದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಎಂ.ಎ., ಬಿ.ಇಡಿ. ಮಾಡಿ ಮೂವತ್ತು ವರ್ಷ ಪಾಠ ಹೇಳಿದ ನನಗೆ ಹೊಳೆಯದ ಮಾತು ಹೊಳೆಯ ಮಗುವಿಗೆ ಹೊಳೆದಿತ್ತು.

ಹಡಗುಗಳ ಚಿತ್ರ ಬರೆಯುವ ಕಲೆ ಪಶ್ಚಿಮದ ದೇಶಗಳಲ್ಲಿ ಒಂದು ಪ್ರತ್ಯೇಕ ಶಾಖೆಯಾಗಿಯೇ ಬೆಳೆದಿದೆ. ಹಿಂದಿನ ಕಾಲದ ಬಂದರನ್ನೋ ನದೀದಡವನ್ನೋ ಮತ್ತೆ ಬರೆಯಲು ಹೊರಟ ಕಲಾವಿದ ಮೊದಲು ಕುಂಚ ಹಿಡಿಯುವುದಿಲ್ಲ, ಕಡತ ಹಿಡಿಯುತ್ತಾನೆ. ಆ ಹಡಗಿನ ನಕ್ಷೆ, ಹಳೆಯ ಛಾಯಾಚಿತ್ರ, ಆ ಋತುವಿನ ನೀರಿನ ಮಟ್ಟ, ಗಾಳಿಯ ದಿಕ್ಕು, ಇವುಗಳನ್ನೆಲ್ಲ ಹುಡುಕುತ್ತಾನೆ. ಬಾವುಟ ಒಂದು ಕಡೆಗೂ ಹೊಗೆ ಇನ್ನೊಂದು ಕಡೆಗೂ ಹಾರಿದರೆ ಬಲ್ಲವರು ಅದನ್ನು ಒಪ್ಪುವುದಿಲ್ಲ. ನಮ್ಮ ಚಿತ್ರಕ್ಕೂ ಅದೇ ರೀತಿ ಅನುಸರಿಸೋಣವೆಂದು ಒಂಬತ್ತನೆಯ ತರಗತಿಯ ಮಕ್ಕಳ ಒಂದು ತಂಡ ಮಾಡಿದೆವು. ಅವರ ಮುಂದೆ ಎರಡು ಪ್ರಶ್ನೆಗಳನ್ನಿಟ್ಟೆವು. ನಮ್ಮ ಹೊಳೆಯಲ್ಲಿ ಉಗಿಹಡಗು ಓಡಲು ಸಾಧ್ಯವಿತ್ತೇ? ಇಲ್ಲವಾದರೆ ಜನ ಹೇಗೆ ದಾಟುತ್ತಿದ್ದರು?

ಮೊದಲ ಪ್ರಶ್ನೆಗೆ ಹೊಳೆಯೇ ಉತ್ತರ ಕೊಟ್ಟಿತು. ಉಗಿಹಡಗಿಗೆ ವರ್ಷದ ಬಹುಪಾಲು ಆಳವಾದ ನೀರು ಬೇಕು, ಅಡಿಯಲ್ಲಿ ಬಂಡೆಯಿಲ್ಲದ ದಾರಿ ಬೇಕು. ನಮ್ಮ ತುಂಗಭದ್ರೆಯ ಒಡಲು ತುಂಬ ಬಂಡೆ. ಹೊಸಪೇಟೆಯ ಬಳಿಯ ಅಣೆಕಟ್ಟಿನ ಕೆಲಸ ಆರಂಭವಾದದ್ದು 1945ರಲ್ಲಿ, ಮುಗಿದದ್ದು 1953ರಲ್ಲಿ. ಅದಕ್ಕೆ ಮುಂಚೆ ಈ ಹೊಳೆಗೆ ಕಡಿವಾಣವಿರಲಿಲ್ಲ. ಮಳೆಗಾಲದಲ್ಲಿ ಕೆನ್ನೀರು ದಡ ಮೀರಿ ಬರುವುದು, ಬೇಸಿಗೆಯಲ್ಲಿ ಬಂಡೆಗಳ ಸಂದಿನಲ್ಲಿ ನಾಲ್ಕಾರು ಹರಿವಾಗಿ ಒಡೆಯುವುದು ಅದರ ಸ್ವಭಾವವಾಗಿತ್ತು. ಅಂಥ ಹೊಳೆ ಉಗಿಹಡಗಿಗೆ ತಕ್ಕದ್ದಲ್ಲ.

ಆಗ ಸಮಿತಿಯ ಹಿರಿಯರೊಬ್ಬರು, “ಅಮ್ಮಾ, ಕಾಟನ್ ದೊರೆ ಗೋದಾವರಿಯಲ್ಲಿ ಸ್ಟೀಮರು ಓಡುವಂತೆ ಮಾಡಲಿಲ್ಲವೇ? ಇಲ್ಲೇಕೆ ಆಗದು?” ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಸರ್ ಆರ್ಥರ್ ಕಾಟನ್ ಅವರು 1847ರಿಂದ 1852ರವರೆಗೆ ಧವಳೇಶ್ವರದಲ್ಲಿ ಗೋದಾವರಿಗೆ ಆನೆಕಟ್ಟು ಕಟ್ಟಿಸಿದರು. ಅಲ್ಲಿ ಹೊಳೆ ಅಗಲ, ನೆಲ ಸಮ. ಕಾಲುವೆಗಳೇ ದೋಣಿಗಳ ದಾರಿಗಳಾದವು. ರೈಲಿಗಿಂತ ನೀರಿನ ದಾರಿಯೇ ಅಗ್ಗ, ಅದೇ ಈ ದೇಶಕ್ಕೆ ತಕ್ಕದ್ದು ಎಂಬುದು ಅವರು ಕೊನೆಯವರೆಗೂ ಬಿಡದ ವಾದ. ಆ ಕನಸಿನ ಒಂದು ತುಣುಕು ನಮ್ಮ ಕರ್ನೂಲು ಜಿಲ್ಲೆಗೂ ಬಂತು. ಮದ್ರಾಸ್ ಇರಿಗೇಷನ್ ಕಂಪೆನಿ 1860ರ ದಶಕದಲ್ಲಿ ಸುಂಕೇಸುಲದ ಬಳಿ ತುಂಗಭದ್ರೆಗೆ ಕಟ್ಟೆ ಹಾಕಿ, ಕಡಪದವರೆಗೆ ಸುಮಾರು 190 ಮೈಲಿ ಉದ್ದದ ಕಾಲುವೆ ತೋಡಿತು. ಅದೇ ಕೆ.ಸಿ. ಕಾಲುವೆ. ಹೊಲಕ್ಕೆ ನೀರು ಹಾಯಿಸುವುದರ ಜೊತೆಗೆ ಸರಕಿನ ದೋಣಿಗಳನ್ನು ನಡೆಸುವುದೂ ಅದರ ಉದ್ದೇಶವಾಗಿತ್ತು. ಕರ್ನೂಲು ಪಟ್ಟಣದಲ್ಲಿ ಹಂದ್ರಿ ನದಿಯ ಮೇಲಿಂದ ಈ ಕಾಲುವೆಯನ್ನೇ ಮೇಲ್ಗಾಲುವೆಯಾಗಿ ದಾಟಿಸಿರುವುದನ್ನು ಮಕ್ಕಳು ಪ್ರವಾಸದಲ್ಲಿ ಕಂಡು ಬೆರಗಾದರು. ಕಂಪೆನಿಗೆ ಲಾಭ ಬರಲಿಲ್ಲ. 1882ರಲ್ಲಿ ಸರಕಾರವೇ ಕಾಲುವೆಯನ್ನು ಕೊಂಡುಕೊಂಡಿತು. ಮುಂದೆ ಅದು ನೀರಾವರಿ ಕಾಲುವೆಯಾಗಿ ಮಾತ್ರ ಉಳಿಯಿತು. ದೋಣಿ ನಡೆಸಲು ಕಾಲುವೆಯನ್ನೇ ತೋಡಬೇಕಾಯಿತೆಂದ ಮೇಲೆ ಹೊಳೆಯ ಗುಣವೇನೆಂದು ಬೇರೆ ಹೇಳಬೇಕಾಗಿಲ್ಲ. ಆ ಕಾಲುವೆಯೂ ಹುಟ್ಟುವುದು ಮಂಚಾಲೆಯಿಂದ ಬಹು ಕೆಳಗೆ. ಆದ್ದರಿಂದ ನಮ್ಮ ಚಿತ್ರದಿಂದ ಹಡಗು ಇಳಿಯಲೇಬೇಕಾಯಿತು.

ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ನಾನು ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದೊಯ್ದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಜನ ಹೊಳೆ ದಾಟುವ ಬಗೆಯನ್ನು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ಗುಂಡಗಿರುವ ದೋಣಿಗಳು, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ, ನೇರವಾಗಿ ಹೋಗಲಾರದೆ ಸುತ್ತುತ್ತಲೇ ಇರುತ್ತವೆ ಎಂಬುದು ಅವನ ವರ್ಣನೆಯ ಸಾರ. ಐನೂರು ವರ್ಷಗಳ ಹಿಂದೆ ಪರದೇಶಿಯೊಬ್ಬ ಕಂಡ ಹರಿಗೋಲೂ ನಮ್ಮ ಹುಡುಗಿ ತನ್ನೂರಲ್ಲಿ ಕಂಡ ಹರಿಗೋಲೂ ಒಂದೇ. ತೊಗಲಿನ ಬದಲು ಈಗ ಡಾಂಬರು ಬಳಿದ ಚೀಲ ಬಂದಿದೆ, ಅಷ್ಟೇ.

ಹರಿಗೋಲನ್ನು ನಾವು ಹಳ್ಳಿಯ ಸಾಮಾನೆಂದು ಕಡೆಗಣಿಸುತ್ತೇವೆ. ಪ್ರಾಚೀನ ಗ್ರೀಸಿನ ಹೆರೊಡೋಟಸ್ ಬ್ಯಾಬಿಲೋನಿಗೆ ಸರಕು ತರುತ್ತಿದ್ದ ಗುಂಡನೆಯ ತೊಗಲ ದೋಣಿಗಳನ್ನು ಆ ನಾಡಿನ ವಿಸ್ಮಯಗಳಲ್ಲಿ ಒಂದಾಗಿ ಎಣಿಸಿದ್ದಾನೆ. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ದಳಪತಿ, ತನ್ನ ದಂಡು ದಕ್ಷಿಣದ ಹೊಳೆಗಳನ್ನು ದಾಟಲೆಂದು ಇಂಥ ಬುಟ್ಟಿದೋಣಿಗಳನ್ನೇ ಕಟ್ಟಿಸಿದ. ಇನ್ನು ನಮ್ಮ ಕನ್ನಡಕ್ಕೆ ಬಂದರೆ, ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವ ಕಾಯಕದವರೇ ಆದ ಅಂಬಿಗರ ಚೌಡಯ್ಯನವರು ವಚನ ಬರೆದರು. ಪುರಂದರದಾಸರು ಅಂಬಿಗನನ್ನು ಕರೆದು ಹಾಡಿದ ಕೀರ್ತನೆಯಲ್ಲಿ ದೇಹವೇ ತೂತುಬಿದ್ದ ಹರಿಗೋಲು. ನಮ್ಮ ಆಲೂರು ಸೀಮೆಯ ಚಿಪ್ಪಗಿರಿಯಲ್ಲಿ ಕೊನೆಯ ದಿನಗಳನ್ನು ಕಳೆದ ವಿಜಯದಾಸರನ್ನು ನೆನೆದರೆ, ದಾಸಸಾಹಿತ್ಯ ನಮಗೆ ಎಲ್ಲಿಂದಲೋ ಬಂದದ್ದಲ್ಲ, ಮನೆಯಂಗಳದ್ದು ಎಂದು ತಿಳಿಯುತ್ತದೆ. ಇಷ್ಟು ದೊಡ್ಡ ವಂಶಾವಳಿಯುಳ್ಳ ಹರಿಗೋಲನ್ನು ಗೋಡೆಯಿಂದ ಹೊರಗಿಟ್ಟು ಪರದೇಶದ ಹಡಗಿಗೆ ಜಾಗ ಕೊಡಲು ಹೊರಟಿದ್ದೆವು!

ಪುಸ್ತಕದ ತಿಳಿವಳಿಕೆ ಅಲ್ಲಿಗೆ ಮುಗಿಯಿತು. ಹರಿಗೋಲು ಬರೆಯಬೇಕಾದರೆ ಹರಿಗೋಲು ನಡೆಸಿದವರನ್ನೇ ಕೇಳಬೇಕು. ಮಕ್ಕಳೊಡನೆ ಹೊಳೆದಂಡೆಯ ಹಳ್ಳಿಗೆ ಹೋದೆವು. ಅಲ್ಲಿ ಎಪ್ಪತ್ತು ದಾಟಿದ ತಾತನೊಬ್ಬರು ನಮ್ಮ ಶಿಕ್ಷಕರ ಹೊಸ ಕರಡನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, “ಅಮ್ಮಾ, ಇದರಾಗ ಕುಂತವರೆಲ್ಲ ಮುಳುಗಿ ಹೋಗ್ತಾರ” ಎಂದರು.

ಏಕೆಂದು ಕೇಳಿದಾಗ ಒಂದೊಂದಾಗಿ ತೋರಿಸಿದರು. ಚಿತ್ರದಲ್ಲಿ ಜನರೆಲ್ಲ ಒಂದೇ ಅಂಚಿಗೆ ಕುಳಿತಿದ್ದರು. ಗುಂಡನೆಯ ಹರಿಗೋಲಿನಲ್ಲಿ ಭಾರ ಸುತ್ತಲೂ ಸಮನಾಗಿ ಹಂಚಿರಬೇಕು. ಮೂಟೆ ನಡುವೆ, ಜನ ಸುತ್ತ. ಚಿತ್ರದ ಅಂಬಿಗ ಹಿಂದೆ ನಿಂತು ಹುಟ್ಟು ಹಾಕುತ್ತಿದ್ದ. “ಹಿಂದ ಅನ್ನೋದು ಎಲ್ಲೈತಮ್ಮಾ ಹರಿಗೋಲಿಗೆ? ಅದಕ್ಕ ಮಾರಿನೂ ಇಲ್ಲ, ಬೆನ್ನೂ ಇಲ್ಲ. ಅಂಬಿಗ ಯಾವ ಕಡೆ ಕುಂತಾನೋ ಅದೇ ಮುಂದ” ಎಂದರು. ಅವನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿದ್ದು, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಒಂದು ಬದಿಗೆ ಮಾತ್ರ ಹುಟ್ಟು ಹಾಕಿದರೆ ಹರಿಗೋಲು ಗಿರಗಿರನೆ ತಿರುಗುತ್ತದೆ. ಅತ್ತಿತ್ತ ಹುಟ್ಟು ಬದಲಿಸುತ್ತ ಆ ಸುತ್ತನ್ನು ಹಿಡಿತದಲ್ಲಿಡುವುದೇ ಅಂಬಿಗನ ವಿದ್ಯೆ.

ಎಲ್ಲಕ್ಕಿಂತ ದೊಡ್ಡ ತಪ್ಪು ದಡದಲ್ಲಿತ್ತು. ನಮ್ಮ ಚಿತ್ರದಲ್ಲಿ ಈಚೆಯ ರೇವಿಗೆ ಸರಿಯಾಗಿ ಎದುರಿಗೇ ಆಚೆಯ ರೇವು ಇತ್ತು. ತಾತ ನಕ್ಕು, ಸೆಳವು ಹರಿಗೋಲನ್ನು ಕೆಳಕ್ಕೆ ತಳ್ಳಿಕೊಂಡೇ ಹೋಗುತ್ತದೆ, ಇಳಿಯಬೇಕಾದ ಜಾಗಕ್ಕಿಂತ ಬಹಳ ಮೇಲೆಯೇ ಹತ್ತಬೇಕು ಎಂದರು. ಆಚೆ ದಡ ಮುಟ್ಟಿದ ಮೇಲೆ ಅಂಬಿಗ ಖಾಲಿ ಹರಿಗೋಲನ್ನು ಬೆನ್ನ ಮೇಲೆ ಬೋರಲಾಗಿ ಹೊತ್ತು, ದಂಡೆಗುಂಟ ಮೇಲಕ್ಕೆ ನಡೆದು, ಮತ್ತೆ ಅಲ್ಲಿಂದ ಈ ಕಡೆಗೆ ಹೊರಡುತ್ತಾನೆ. ದೂರದಿಂದ ನೋಡಿದರೆ ದೊಡ್ಡ ಆಮೆಯೊಂದು ಎರಡು ಕಾಲಲ್ಲಿ ನಡೆದಂತೆ ಕಾಣುತ್ತದೆ. ಚಿತ್ರದ ಬಲಗಡೆಯಲ್ಲಿ ತಾವು ಕಾಣುತ್ತಿರುವ ಆ ಆಕೃತಿ ಅದೇ. ಅದನ್ನು ನಮ್ಮಲ್ಲಿ ಯಾರೂ ಕಲ್ಪಿಸಿಕೊಳ್ಳಲಾರದವರಾಗಿದ್ದೆವು.

ಇನ್ನು ಕಾಲದ ಮಾತು. ಶಾಲೆ ಹುಟ್ಟಿದ 1920ರ ದಶಕದಲ್ಲಿ ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೊಳೆಯಾಚೆಯ ರಾಯಚೂರು ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಮಂಚಾಲೆಯಲ್ಲಿ ಹರಿಗೋಲು ಹತ್ತಿ ಪಂಚಮುಖಿಯ ಕಡೆಗೆ ಇಳಿದವರು ಬ್ರಿಟಿಷ್ ಇಂಡಿಯಾ ಬಿಟ್ಟು ನಿಜಾಮರ ರಾಜ್ಯಕ್ಕೆ ಕಾಲಿಡುತ್ತಿದ್ದರು. ಈಚೆ ಐದನೆಯ ಜಾರ್ಜ್ ದೊರೆಯ ಮುಖವಿದ್ದ ರೂಪಾಯಿ, ಆಚೆ ಚಾರ್‌ಮಿನಾರ್ ಅಚ್ಚಾದ ಹಾಲಿ ಸಿಕ್ಕ ರೂಪಾಯಿ. ಎರಡರ ಬೆಲೆಯೂ ಒಂದೇ ಅಲ್ಲ. ಚಿತ್ರದ ನಡುವೆ ಸೆರಗಿನ ಗಂಟು ಬಿಚ್ಚಿ ಅಂಗೈಯಲ್ಲಿ ಎರಡು ನಾಣ್ಯಗಳನ್ನು ಹಿಡಿದು ನೋಡುತ್ತಿರುವ ತಾಯಿಯನ್ನು ಗಮನಿಸಿರಿ. ಎರಡು ಸರಕಾರ, ಎರಡು ನಾಣ್ಯ. ಆದರೆ ಅವಳು ಈಚೆ ಆಡುವುದೂ ಕನ್ನಡ, ಆಚೆ ಆಡುವುದೂ ಕನ್ನಡ. ಈ ವಿವರವನ್ನು ಸೂಚಿಸಿದ್ದು ನಮ್ಮ ಸಮಾಜ ವಿಜ್ಞಾನ ಶಿಕ್ಷಕರು. ಅವರಿಗೆ ನನ್ನ ವಿಶೇಷ ವಂದನೆ.

ಹಡಗು ಇಳಿಯಿತು, ಹರಿಗೋಲು ಏರಿತು. ಆದರೆ ನಮ್ಮ ದಾನಿಗಳ ತಾತನವರು ಹೇಳಿದ ಹೊಗೆ? ಅದನ್ನು ಸುಳ್ಳೆಂದು ಹೇಳುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಹಿರಿಯರು ಮೊಮ್ಮಕ್ಕಳಿಗೆ ಹೇಳಿದ ಮಾತಿನಲ್ಲಿ ಏನಾದರೊಂದು ನಿಜವಿದ್ದೇ ಇರುತ್ತದೆ. ದಾನಿಗಳ ಮನೆಗೆ ಹೋದೆ. ಮೊದಲ ಭೇಟಿಯಲ್ಲಿ ಅವರು ನೊಂದುಕೊಂಡರು. “ಮೇಡಂ, ನೂರು ವರ್ಷದ ಶಾಲೆಯ ಗೋಡೆಗೆ ಬುಟ್ಟಿ ಬರೆಸುತ್ತೀರಾ? ನೋಡಿದವರು ನಮ್ಮನ್ನು ಏನೆಂದುಕೊಂಡಾರು? ಹೇಗೂ ಚಿತ್ರ ತಾನೇ, ಕಲ್ಪನೆಗೆ ಅಷ್ಟೂ ಅವಕಾಶವಿಲ್ಲವೇ?” ಎಂದರು.

ಅವರ ಪ್ರಶ್ನೆಯ ಕೊನೆಯ ಭಾಗ ತೂಕದ್ದು. ಇಂಗ್ಲೆಂಡಿನ ಟರ್ನರ್ 1839ರಲ್ಲಿ ಪ್ರದರ್ಶಿಸಿದ ಒಂದು ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಟ್ರಫಾಲ್ಗರ್ ಯುದ್ಧದಲ್ಲಿ ಹೋರಾಡಿದ ‘ಟೆಮೆರೇರ್’ ಎಂಬ ಹಳೆಯ ಹಾಯಿಹಡಗನ್ನು ಪುಟ್ಟದೊಂದು ಉಗಿದೋಣಿ ಥೇಮ್ಸ್ ನದಿಯಲ್ಲಿ ಕೊನೆಯ ಬಾರಿಗೆ ಎಳೆದುಕೊಂಡು ಹೋಗುವ ದೃಶ್ಯ ಅದು. ವಾಸ್ತವದಲ್ಲಿ 1838ರಲ್ಲಿ ಅದನ್ನು ಎಳೆದದ್ದು ಎರಡು ಉಗಿದೋಣಿಗಳು. ಆ ಹೊತ್ತಿಗೆ ಹಡಗಿನ ಪಟಸ್ತಂಭಗಳನ್ನು ಕಳಚಿಯಾಗಿತ್ತು. ಟರ್ನರ್ ಒಂದೇ ದೋಣಿ ಬರೆದ, ಪಟಸ್ತಂಭಗಳನ್ನು ಉಳಿಸಿದ. ಹಳೆಯ ಹಡಗಿನ ಘನತೆಯನ್ನು ತೋರಿಸಲು ಅವನಿಗೆ ಅದು ಬೇಕಾಗಿತ್ತು. ಅದನ್ನು ತಪ್ಪೆಂದು ನಾನು ಹೇಳಲಾರೆ.

ಆದರೆ ನಾನು ದಾನಿಗಳಿಗೆ ಹೇಳಿದ್ದು ಇಷ್ಟು: ಟರ್ನರ್ ಮಾಡಿದ ಬದಲಾವಣೆ ಇಂದು ನಮಗೆ ತಿಳಿಯುವುದು ಆ ಹಡಗಿನ ಬಗ್ಗೆ ಬೇರೆ ಕಾಗದಪತ್ರಗಳು ಉಳಿದಿರುವುದರಿಂದ. ಅಲ್ಲಿ ಚಿತ್ರ ಕಲ್ಪನೆ ಮಾಡಿದರೂ ಸತ್ಯವನ್ನು ಕಾಯಲು ಕಡತಗಳಿವೆ. ನಮ್ಮ ರೇವಿನ ಬಗ್ಗೆ ನಮ್ಮ ಮಕ್ಕಳ ಕೈಯಲ್ಲಿ ಏನಿದೆ? 2009ರ ಅಕ್ಟೋಬರ್ ಆರಂಭದ ಪ್ರವಾಹದಲ್ಲಿ ಮಂತ್ರಾಲಯವೂ ಕರ್ನೂಲೂ ಮುಳುಗಿದವು. ನನ್ನ ತವರಿನ ಪೆಟ್ಟಿಗೆಯಲ್ಲಿ ಹೊಳೆದಂಡೆಯಲ್ಲಿ ತೆಗೆಸಿದ್ದ ಒಂದೇ ಒಂದು ಹಳೆಯ ಛಾಯಾಚಿತ್ರವಿತ್ತು. ನೀರು ಇಳಿದ ಮೇಲೆ ಪೆಟ್ಟಿಗೆ ತೆರೆದಾಗ ಅದು ಬಿಳಿಯ ಕಾಗದವಾಗಿತ್ತು. ಅದರಲ್ಲಿದ್ದ ನಮ್ಮಜ್ಜಿಯ ಮುಖ ಈಗ ನನ್ನ ನೆನಪಿನಲ್ಲಿ ಮಾತ್ರ ಇದೆ. ನಾಳೆ ಈ ಶಾಲೆಯ ಮಗು ಹೊಳೆಯ ಹಳೆಯ ಕಾಲವನ್ನು ತಿಳಿಯಲು ಬಂದರೆ ಅದಕ್ಕೆ ಸಿಗುವುದು ಈ ಗೋಡೆಯೇ. ಬೇರೆ ಸಾಕ್ಷಿಯಿಲ್ಲದ ಕಡೆ ಗೋಡೆ ಸುಳ್ಳು ಹೇಳಬಾರದು ಎಂದೆ.

ಅವರು ಸುಮ್ಮನೆ ಕುಳಿತಿದ್ದರು. ಒಳಗಿನಿಂದ ಅವರ ಸೋದರತ್ತೆ, ಎಂಬತ್ತು ದಾಟಿದ ಹಿರಿಯರು, ಗೋಡೆ ಹಿಡಿದು ಬಂದು ಕುಳಿತರು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದರು. “ಹಡಗು ಅಂತ ನಿನಗ ಯಾರು ಹೇಳಿದರೋ? ನಮ್ಮಪ್ಪ ಹೇಳ್ತಿದ್ದದ್ದು ರೈಲು. ಹೊಳಿ ತುಂಬಿದಾಗ ಹರಿಗೋಲು ಬಿಡ್ತಿದ್ದಿಲ್ಲ. ಆವಾಗ ಬಂಡಿ ಕಟ್ಟಿಕೊಂಡು ರಾಯಚೂರಿಗೆ ಹೋಗಿ ರೈಲು ಹತ್ತಿ ಬರ್ತಿದ್ದರು. ಪೂಲಿನ ಮ್ಯಾಲೆ ಬಂದಾಗ ಕೆಳಗ ಕೆಂಪು ನೀರು, ಮ್ಯಾಲ ಕರೇ ಹೊಗಿ, ಅದನ್ನ ನೋಡಿ ಹೆದರಿ ಅಪ್ಪ ಕಣ್ಣು ಮುಚ್ಚಿಕೊಳ್ತಿದ್ದನಂತ” ಎಂದರು.

ಮದ್ರಾಸಿನಿಂದ ಹೊರಟ ವಾಯವ್ಯ ರೈಲುಮಾರ್ಗ ಆದವಾನಿಯನ್ನು ಹಾದು, ತುಂಗಭದ್ರೆಯನ್ನು ದಾಟಿ, 1871ರಲ್ಲಿ ರಾಯಚೂರಿನಲ್ಲಿ ಮುಂಬಯಿಯ ಮಾರ್ಗವನ್ನು ಕೂಡಿತು. ನಾವಿಂದು ಮಂತ್ರಾಲಯಂ ರೋಡ್ ಎಂದು ಕರೆಯುವ ನಿಲ್ದಾಣಕ್ಕೆ ಹಿಂದೆ ತುಂಗಭದ್ರಾ ಎಂದೇ ಹೆಸರಿತ್ತು. ಉಗಿ ನಮ್ಮ ಹೊಳೆಗೆ ಬಂದಿತ್ತು, ಆದರೆ ನೀರಿನ ಮೇಲಲ್ಲ, ಕಂಬಿಯ ಮೇಲೆ. ಕಾಟನ್ ದೊರೆಯ ನೀರಿನ ದಾರಿಯನ್ನು ಸೋಲಿಸಿದ ರೈಲೇ ನಮ್ಮ ಹಿರಿಯ ವಿದ್ಯಾರ್ಥಿಯನ್ನು ಶಾಲೆಗೆ ತಂದು ಮುಟ್ಟಿಸಿತ್ತು. ತಾತ ಹೇಳಿದ್ದು ನಿಜ. ಕೇಳಿದ ನಾವು ಹಡಗು ಸೇರಿಸಿದ್ದೆವು. ದಾನಿಗಳು ಎದ್ದು ಅತ್ತೆಯವರ ಕಾಲು ಮುಟ್ಟಿದರು, ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಫೋನ್ ಮಾಡಿ, “ಮೇಡಂ, ಬುಟ್ಟಿಯನ್ನೇ ಬರೆಸಿರಿ. ರೈಲಿಗೂ ಸ್ವಲ್ಪ ಜಾಗ ಕೊಡಿ” ಎಂದರು.

ಕೊಡುವುದು ಹೇಗೆ ಎಂಬುದು ಕೊನೆಯ ಸಮಸ್ಯೆಯಾಯಿತು. ರೈಲು ಸೇತುವೆಗೂ ಮಂಚಾಲೆಯ ರೇವಿಗೂ ನಡುವೆ ಮೈಲಿಗಟ್ಟಲೆ ಹೊಳೆ ಇದೆ. ರೇವಿನಲ್ಲಿ ನಿಂತವರಿಗೆ ಸೇತುವೆ ಕಾಣದು. ಹರಿಗೋಲಿನ ಹಿಂದೆ ಸೇತುವೆಯನ್ನು ಬರೆದರೆ ಚಿತ್ರಕ್ಕೆ ಅಂದ ಬರುತ್ತಿತ್ತು, ಹೊಳೆಗೆ ಮೋಸವಾಗುತ್ತಿತ್ತು. ಅದಲ್ಲದೆ ಹರಿಗೋಲು ಓಡುವ ದಿನ ಹೊಳೆ ತುಂಬಿರುವುದಿಲ್ಲ, ಹೊಳೆ ತುಂಬಿದ ದಿನ ಹರಿಗೋಲು ಓಡುವುದಿಲ್ಲ. ಆದ್ದರಿಂದ ಗೋಡೆಯನ್ನು ಎರಡು ಭಾಗ ಮಾಡಿದೆವು. ಎಡಗಡೆಯ ದೊಡ್ಡ ಭಾಗ ಕಾರ್ತಿಕ ಮಾಸ: ತಿಳಿನೀರು, ತಲೆಯೆತ್ತಿದ ಬಂಡೆ, ಹರಿಗೋಲು, ಈಜುತ್ತ ಹಿಂದೆ ಬರುವ ಎತ್ತುಗಳು. ಬಲಗಡೆಯ ಚಿಕ್ಕ ಭಾಗ ಶ್ರಾವಣ: ಕೆನ್ನೀರು, ಸೇತುವೆ, ಹೊಗೆ. ಉರುಕುಂದ ಈರಣ್ಣನ ಜಾತ್ರೆಗೆ ಹೊರಟವರು ರೈಲಿನ ಡಬ್ಬಿಯಲ್ಲಿ ಕುಳಿತಿದ್ದಾರೆ. ಕಿಟಕಿಯೊಂದರಲ್ಲಿ ಕಣ್ಣು ಮುಚ್ಚಿಕೊಂಡಿರುವ ಹುಡುಗನನ್ನು ಹುಡುಕಿರಿ. ಅವನು ಯಾರೆಂದು ಈಗ ತಮಗೆ ಗೊತ್ತು.

ಮಹನೀಯರೇ, ದಾನಿಗಳು ಅಂದು ಕೇಳಿದ ಇನ್ನೊಂದು ಮಾತು ನನ್ನನ್ನು ಬಿಟ್ಟಿಲ್ಲ. ನೋಡಿದವರು ನಮ್ಮನ್ನು ಏನೆಂದುಕೊಂಡಾರು? ಈ ಪ್ರಶ್ನೆ ಅವರೊಬ್ಬರದಲ್ಲ, ನಮ್ಮೆಲ್ಲರದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಾವು ತೆಲುಗಿನ ನಾಡಿನ ಕನ್ನಡಿಗರು. ನೆರೆಯ ತೆಲುಗು ಬಂಧುಗಳು ನಮ್ಮನ್ನು ಎಂದೂ ಬೇರೆಯೆಂದು ಕಂಡಿಲ್ಲ. ಹಬ್ಬ, ಮದುವೆ, ಸಂತೆ ಎಲ್ಲದರಲ್ಲೂ ಎರಡು ಭಾಷೆ ಕೂಡಿ ಬಾಳಿವೆ. ಆದರೂ ಪ್ರತಿ ಜೂನ್ ತಿಂಗಳು ದಾಖಲಾತಿಯ ಹೊತ್ತಿಗೆ ಯಾರಾದರೊಬ್ಬ ತಂದೆ ನನ್ನ ಮೇಜಿನೆದುರು ಕುಳಿತು, ತಗ್ಗಿದ ದನಿಯಲ್ಲಿ, “ಕನ್ನಡ ಮಾಧ್ಯಮದಲ್ಲಿ ಓದಿಸಿದರೆ ಮುಂದೆ ಮಗುವಿನ ಗತಿಯೇನು ಮೇಡಂ?” ಎಂದು ಕೇಳುತ್ತಾರೆ. ಅವರನ್ನು ನಾನು ದೂರಲಾರೆ. ನಾನು ಶಿಕ್ಷಕಿಯಾಗಿ ಸೇರಿದಾಗ ಒಂದೊಂದು ತರಗತಿಗೆ ಎರಡು ವಿಭಾಗಗಳಿದ್ದವು. ಇಂದು ಕೆಲವು ತರಗತಿಗಳಲ್ಲಿ ಬೆಂಚುಗಳು ಖಾಲಿಯಿವೆ.

ಮನೆಯ ಮಾತು ಸಣ್ಣದೆನಿಸಿದಾಗ ಮನೆಯ ಹೊಳೆಯೂ ಸಣ್ಣದೆನಿಸುತ್ತದೆ. ಆಗ ಪರರ ಹಡಗು ತಂದು ನಮ್ಮ ನೀರಿನ ಮೇಲೆ ನಿಲ್ಲಿಸುವ ಆಸೆ ಬರುತ್ತದೆ. ನನಗೂ ಬಂದಿತ್ತೆಂದು ಆಗಲೇ ಒಪ್ಪಿಕೊಂಡಿದ್ದೇನೆ. ಹರಿಗೋಲು ಬರೆದುದರಿಂದ ಬೆಂಚು ತುಂಬುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಈ ಚಿತ್ರಕ್ಕಾಗಿ ಹೊಳೆ ಅಳೆದ, ಗ್ರಂಥ ತೆರೆದ, ಅಂಬಿಗರ ತಾತನ ಮುಂದೆ ನೆಲದ ಮೇಲೆ ಕುಳಿತು ಟಿಪ್ಪಣಿ ಬರೆದುಕೊಂಡ ಮಕ್ಕಳು ಇನ್ನು ತಮ್ಮ ಊರಿನ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳುವುದಿಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ಪ್ರಶ್ನೆ ಕೇಳಿದ ಆ ಹುಡುಗಿ ಇಂದು ಚಿತ್ರದ ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ವಿವರಿಸುತ್ತಿದ್ದಾಳೆ, ಕನ್ನಡದಲ್ಲೂ ತೆಲುಗಿನಲ್ಲೂ.

ಚಿತ್ರದ ಕೆಳಗೆ ಒಂದು ಮೇಜು, ಅದರ ಮೇಲೆ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಅದು ಸಹಿ ಹಾಕಿ ಹೊಗಳುವುದಕ್ಕಲ್ಲ. ಚಿತ್ರದಲ್ಲಿ ತಪ್ಪು ಕಂಡವರು ದಯವಿಟ್ಟು ಅದರಲ್ಲಿ ಬರೆಯಬೇಕು. ರುಮಾಲು ಸುತ್ತಿದ ರೀತಿ, ಎತ್ತಿನ ಕೊಂಬಿನ ಅಲಂಕಾರ, ಬುತ್ತಿಯ ಗಂಟು ಕಟ್ಟಿದ ಬಗೆ, ಹಿರಿಯರಾದ ತಮಗೆ ನೆನಪಿರುವುದು ಯಾವುದೇ ಇರಲಿ. ಬರೆಯಲಾಗದವರು ಹೇಳಿರಿ, ಮಕ್ಕಳು ಬರೆದುಕೊಳ್ಳುತ್ತಾರೆ. ಬರುವ ಬೇಸಿಗೆ ರಜೆಯಲ್ಲಿ ಚಿತ್ರಕಲಾ ಶಿಕ್ಷಕರು ಆ ಪುಸ್ತಕ ನೋಡಿ ಗೋಡೆಯನ್ನು ತಿದ್ದುತ್ತಾರೆ. ಬಣ್ಣದ ಡಬ್ಬಿಗಳನ್ನು ಎಸೆಯದೆ ಇಟ್ಟಿದ್ದೇವೆ.

ಕೊನೆಯದಾಗಿ, ತಮ್ಮ ಇಷ್ಟವನ್ನು ಬದಿಗಿಟ್ಟು ಖರ್ಚನ್ನು ವಹಿಸಿದ ದಾನಿಗಳಿಗೆ, ತಾವು ಬರೆದ ಚೆಲುವಾದ ಹಡಗನ್ನು ತಾವೇ ಅಳಿಸಿದ ಚಿತ್ರಕಲಾ ಶಿಕ್ಷಕರಿಗೆ, ನಮ್ಮ ಹರಿಗೋಲು ಮುಳುಗದಂತೆ ಕಾಪಾಡಿದ ಅಂಬಿಗರ ತಾತನವರಿಗೆ, ನೆನಪಿನಿಂದ ರೈಲನ್ನು ತಂದುಕೊಟ್ಟ ಆ ತಾಯಿಯವರಿಗೆ ಶಾಲೆಯ ಪರವಾಗಿ ಕೈಮುಗಿಯುತ್ತೇನೆ. ತಾತನವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಸಭೆ ಮುಗಿದ ಮೇಲೆ ಅವರು ಚಿತ್ರವನ್ನು ಇನ್ನೊಮ್ಮೆ ಹತ್ತಿರದಿಂದ ನೋಡಬೇಕೆಂದಿದ್ದಾರೆ. ನೋಟುಪುಸ್ತಕದ ಮೊದಲ ಪುಟವನ್ನು ಅವರಿಗಾಗಿ ಬಿಟ್ಟಿದ್ದೇವೆ.